ಕಂದು ಹಾಕುವ ಹಸು, ಡಿಎನ್‌ಎ ಲಸಿಕೆ ಮತ್ತು ಆಕ್ಷೇಪಗಳು

ಜಾನುವಾರುಗಳ ಬ್ಯಾಕ್ಟೀರಿಯಾ ರೋಗಗಳಿಗೆ ಡಿಎನ್‌ಎ ಲಸಿಕೆ ಬೇಕು ಎಂದು ಬಾಯಿಬಿಟ್ಟರೆ ಎರಡು ದಿಕ್ಕಿನಿಂದ ಕಲ್ಲು ಬೀಳುತ್ತದೆ. ಒಂದು ದಿಕ್ಕಿನವರಿಗೆ ಭಯ: ಹಸುವಿನ ವಂಶವಾಹಿಯೇ ಕೆಟ್ಟು, ಹಾಲಿನ ಮೂಲಕ ಮಕ್ಕಳ ಹೊಟ್ಟೆಗೆ ಏನೋ ಸೇರಿಬಿಡುತ್ತದೆ ಎಂದು. ಇನ್ನೊಂದು ದಿಕ್ಕಿನವರು ಹೆಚ್ಚಾಗಿ ಪಶುವೈದ್ಯರು, ಸೂಕ್ಷ್ಮಜೀವಿಗಳನ್ನು ಓದಿಕೊಂಡವರು. ಅವರ ದೂರು ಇದಕ್ಕೆ ತದ್ವಿರುದ್ಧ: ಚುಚ್ಚಿದ ಡಿಎನ್‌ಎ ಹಸುವಿನ ಮೈಯಲ್ಲಿ ಏನನ್ನೂ ಮಾಡುವುದಿಲ್ಲ, ದುಡ್ಡು ದಂಡ. ಇಬ್ಬರೂ ಒಂದೇ ವೇದಿಕೆಯಲ್ಲಿ ಕೂತು ಒಬ್ಬರಿಗೊಬ್ಬರು ಉತ್ತರ ಹೇಳಿಕೊಂಡಿದ್ದರೆ ನನ್ನ ಕೆಲಸ ಅರ್ಧ ಮುಗಿಯುತ್ತಿತ್ತು. ಹಾಗಾಗುವುದಿಲ್ಲವಾದ್ದರಿಂದ ಈ ಬರಹ.

ಮೊದಲೇ ಒಂದು ಮಾತು ಸ್ಪಷ್ಟಪಡಿಸುತ್ತೇನೆ. ಎಲ್ಲ ಬ್ಯಾಕ್ಟೀರಿಯಾ ರೋಗಕ್ಕೂ ಡಿಎನ್‌ಎ ಲಸಿಕೆ ಬೇಕೆಂದು ನಾನು ವಾದಿಸುತ್ತಿಲ್ಲ. ಗಳಲೆ ರೋಗಕ್ಕೆ, ಚಪ್ಪೆ ಬೇನೆಗೆ, ಕುರಿಗಳ ಕರುಳು ಬೇನೆಗೆ ಬೆಂಗಳೂರಿನ ಹೆಬ್ಬಾಳದ ಪಶುಲಸಿಕೆ ಸಂಸ್ಥೆಯಲ್ಲಿ ದಶಕಗಳಿಂದ ತಯಾರಾಗುವ ಹಳೆಯ ಲಸಿಕೆಗಳಿವೆ. ಅಗ್ಗ, ಸರಳ, ಮಳೆಗಾಲಕ್ಕೆ ಮೊದಲು ಹಾಕಿದರೆ ಕೆಲಸ ಮಾಡುತ್ತವೆ. ಅಲ್ಲಿ ಡಿಎನ್‌ಎ ತರುವುದು ಶೋಕಿ. ನನ್ನ ವಾದವೆಲ್ಲ ಜೀವಕೋಶದ ಒಳಗೆ ಅಡಗಿ ಕೂರುವ ಬ್ಯಾಕ್ಟೀರಿಯಾಗಳ ಬಗ್ಗೆ, ಅದರಲ್ಲೂ ಬ್ರುಸೆಲ್ಲ ಬಗ್ಗೆ. ರೈತರು ಕಂದು ರೋಗ ಎನ್ನುವುದು ಇದು ತರುವ ಬ್ರುಸೆಲ್ಲೋಸಿಸ್ಸನ್ನೇ.

ಏಳು ತಿಂಗಳ ಗಬ್ಬದ ಹಸು ಕಂದು ಹಾಕುತ್ತದೆ. ಮಾಸು ಬೀಳುವುದಿಲ್ಲ. ಮನೆಯವರೇ ಬರಿಗೈಯಲ್ಲಿ ಎಳೆದು ತೆಗೆದು ತಿಪ್ಪೆಗೆ ಎಸೆಯುತ್ತಾರೆ. ನಾಯಿ ಅದನ್ನು ಕಚ್ಚಿಕೊಂಡು ಪಕ್ಕದ ಮನೆಯ ಹಿತ್ತಿಲಿಗೆ ಹೋಗುತ್ತದೆ. ಆ ಮಾಸಿನಲ್ಲಿ, ಗರ್ಭದ ನೀರಿನಲ್ಲಿ ಬ್ರುಸೆಲ್ಲ ಅಬಾರ್ಟಸ್ ಕೋಟಿಗಟ್ಟಲೆ ಇರುತ್ತದೆ. ಕೆಲವು ವಾರ ಕಳೆದ ಮೇಲೆ ಎಳೆದವನಿಗೆ ಸಂಜೆಯಾದರೆ ಜ್ವರ, ರಾತ್ರಿ ಬೆವರು, ಸೊಂಟ ಹಿಡಿದುಕೊಂಡಂಥ ನೋವು. ಮಲೇರಿಯಾ ಇಲ್ಲ, ಟೈಫಾಯ್ಡ್ ಇಲ್ಲ ಎಂದು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು, ಯಾರಾದರೂ ಪುಣ್ಯಾತ್ಮ ವೈದ್ಯರು "ಮನೆಯಲ್ಲಿ ದನ ಇದೆಯಾ?" ಎಂದು ಕೇಳಿದರೆ ಸರಿ, ಡಾಕ್ಸಿಸೈಕ್ಲಿನ್ ಜತೆಗೆ ರಿಫಾಂಪಿಸಿನ್ ಆರು ವಾರ ಶುರುವಾಗುತ್ತದೆ. ಹಸುವಿಗೆ ಅಂಥ ಚಿಕಿತ್ಸೆಯೂ ಇಲ್ಲ. ಅದು ಮುಂದಿನ ಸಲ ಕರು ಹಾಕಿದರೂ ಹಾಕಬಹುದು. ಕೆಚ್ಚಲಿನಿಂದಲೂ ಗರ್ಭಕೋಶದಿಂದಲೂ ರೋಗಾಣು ಹರಿಯುತ್ತಲೇ ಇರುತ್ತದೆ.

ಈಗ ಆಕ್ಷೇಪಗಳಿಗೆ ಬರೋಣ. ಎಲ್ಲಕ್ಕಿಂತ ಭಾರವಾದುದು ಇದು: "ಮೂವತ್ತೈದು ವರ್ಷ ಆಯಿತು. ಬ್ಯಾಕ್ಟೀರಿಯಾ ವಿರುದ್ಧ ಒಂದಾದರೂ ಡಿಎನ್‌ಎ ಲಸಿಕೆ ಮಾರುಕಟ್ಟೆಗೆ ಬಂತೇ?"

ಬಂದಿಲ್ಲ. 1990ರಲ್ಲಿ ವಿಸ್ಕಾನ್ಸಿನ್‌ನ ಜಾನ್ ವುಲ್ಫ್ ಮತ್ತು ಸಂಗಡಿಗರು ಇಲಿಯ ಮಾಂಸಖಂಡಕ್ಕೆ ಬರೀ ಪ್ಲಾಸ್ಮಿಡ್ ಚುಚ್ಚಿದರು. ಪ್ಲಾಸ್ಮಿಡ್ ಎಂದರೆ ಉಂಗುರದಾಕಾರದ ಡಿಎನ್‌ಎ. ಅದರಲ್ಲಿದ್ದ ಜೀನನ್ನು ಇಲಿಯ ಜೀವಕೋಶವೇ ಓದಿ ಪ್ರೋಟೀನ್ ತಯಾರಿಸಿತು. 1993ರಲ್ಲಿ ಇದೇ ಉಪಾಯದಿಂದ ಇಲಿಗಳನ್ನು ಇನ್‌ಫ್ಲುಯೆಂಜಾದಿಂದ ಉಳಿಸಿದರು. ಆಮೇಲೆ ಪರವಾನಗಿ ಸಿಕ್ಕವು ಇವು: 2005ರಲ್ಲಿ ಅಮೆರಿಕದಲ್ಲಿ ಕುದುರೆಗಳ ವೆಸ್ಟ್ ನೈಲ್ ಲಸಿಕೆ, ಅದೇ ವರ್ಷ ಕೆನಡಾದಲ್ಲಿ ಸಾಲ್ಮನ್ ಮೀನಿನ ಐಎಚ್‌ಎನ್ ವೈರಸ್ ಲಸಿಕೆ, 2010ರಲ್ಲಿ ನಾಯಿಗಳ ಮೆಲನೋಮ ಕ್ಯಾನ್ಸರಿನ ಲಸಿಕೆಗೆ ಪೂರ್ಣ ಪರವಾನಗಿ, 2017ರಲ್ಲಿ ಯೂರೋಪಿನಲ್ಲಿ ಸಾಲ್ಮನ್ನಿನ ಮೇದೋಜೀರಕ ರೋಗಕ್ಕೆ ಕ್ಲೈನಾವ್. 2021ರ ಆಗಸ್ಟ್‌ನಲ್ಲಿ ಅಹಮದಾಬಾದಿನ ಝೈಡಸ್ ಕಂಪನಿಯ ಕೋವಿಡ್ ಲಸಿಕೆ ಝೈಕೋವ್-ಡಿಗೆ ಭಾರತ ತುರ್ತು ಅನುಮತಿ ಕೊಟ್ಟಿತು. ಮನುಷ್ಯರಿಗೆ ಅನುಮತಿ ಸಿಕ್ಕ ಜಗತ್ತಿನ ಮೊದಲ ಡಿಎನ್‌ಎ ಲಸಿಕೆ ಅದು. ಪಟ್ಟಿ ನೋಡಿ: ವೈರಸ್ಸು, ವೈರಸ್ಸು, ಕ್ಯಾನ್ಸರು, ವೈರಸ್ಸು, ವೈರಸ್ಸು. ಬ್ಯಾಕ್ಟೀರಿಯಾ ಇಲ್ಲವೇ ಇಲ್ಲ. ಕುದುರೆಯ ಲಸಿಕೆಯೂ ಮಾರುಕಟ್ಟೆಯಲ್ಲಿ ಉಳಿಯಲಿಲ್ಲ.

ಇಷ್ಟನ್ನು ಒಪ್ಪಿಕೊಂಡ ಮೇಲೂ "ಆದ್ದರಿಂದ ಆಗುವುದಿಲ್ಲ" ಎಂಬ ಮಾತನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಬಹಳಷ್ಟು ಕಡೆ ಪ್ರಯತ್ನವೇ ಕೊನೆಮುಟ್ಟಿಲ್ಲ. ಬ್ರುಸೆಲ್ಲದ ಎಲ್7/ಎಲ್12 ಎಂಬ ರೈಬೋಸೋಮ್ ಪ್ರೋಟೀನಿನ ಜೀನನ್ನು ಇಲಿಗೆ ಚುಚ್ಚಿ ನೋಡಿದ್ದು 1997ರಲ್ಲಿ. ಆಮೇಲೆ ಬಂದ ಪ್ರಬಂಧಗಳನ್ನು ಜೋಡಿಸಿಟ್ಟರೆ ಕಪಾಟು ತುಂಬುತ್ತದೆ. ಆ ಕಪಾಟಿನಲ್ಲಿ ಇಲಿಗಳೇ ಇಲಿಗಳು. ಗಬ್ಬದ ಹಸುವಿಗೆ ಲಸಿಕೆ ಕೊಟ್ಟು, ನಿಜವಾದ ರೋಗಾಣುವನ್ನು ಕಣ್ಣಿಗೆ ಹನಿಸಿ, ಅದು ಕಂದು ಹಾಕುತ್ತದೋ ಇಲ್ಲವೋ ಎಂದು ಕಾದು ನೋಡಲು ಜೈವಿಕ ಸುರಕ್ಷೆಯ ಮೂರನೇ ಹಂತದ ಕೊಟ್ಟಿಗೆ ಬೇಕು. ಇಲಿಯ ಪ್ರಯೋಗ ಒಬ್ಬ ಪಿಎಚ್‌ಡಿ ವಿದ್ಯಾರ್ಥಿಗೆ ಸಾಕಾಗುವಷ್ಟು ಖರ್ಚಿನದು, ಹಸುವಿನದು ಸರ್ಕಾರಕ್ಕೆ ಮಾತ್ರ ಸಾಧ್ಯವಾಗುವಂಥದು. ಓಡದ ಕುದುರೆಯನ್ನು ಸೋತ ಕುದುರೆ ಎನ್ನುವುದು ನ್ಯಾಯವಲ್ಲ.

ದೊಡ್ಡ ಪ್ರಾಣಿಗಳಲ್ಲಿ, ಬ್ಯಾಕ್ಟೀರಿಯಾ ವಿರುದ್ಧ, ಲಸಿಕೆಯ ನಂತರ ರೋಗಾಣು ಕೊಟ್ಟು ನೋಡಿದ ಕೆಲಸಗಳೂ ಇವೆ, ಕಡಿಮೆಯಾದರೂ. 1999ರಲ್ಲಿ ಆಸ್ಟ್ರೇಲಿಯಾದವರು ಕುರಿಗಳ ಗ್ರಂಥಿಗಳಲ್ಲಿ ಕೀವುಗಡ್ಡೆ ಎಬ್ಬಿಸುವ ಕೊರಿನೆಬ್ಯಾಕ್ಟೀರಿಯಂ ವಿರುದ್ಧ ಡಿಎನ್‌ಎ ಲಸಿಕೆ ಮಾಡಿದರು. ರೋಗಾಣುವಿನ ಫಾಸ್ಫೋಲೈಪೇಸ್-ಡಿ ಎಂಬ ಪ್ರೋಟೀನಿನ ವಿಷ ತೆಗೆದ ಜೀನಿಗೆ ಸಿಟಿಎಲ್‌ಎ-4 ಎಂಬ ಇನ್ನೊಂದು ಪ್ರೋಟೀನಿನ ಜೀನನ್ನು ಬೆಸೆದರು. ತಯಾರಾಗುವ ಪ್ರೋಟೀನು ರೋಗನಿರೋಧಕ ಕೋಶಗಳಿಗೆ ನೇರವಾಗಿ ಹೋಗಿ ಅಂಟಿಕೊಳ್ಳಲಿ ಎಂಬ ಲೆಕ್ಕ. ಬೆಸೆಯದ ಲಸಿಕೆಗಿಂತ ಬೆಸೆದದ್ದು ಕುರಿಗಳನ್ನು ಚೆನ್ನಾಗಿ ಕಾಪಾಡಿತು. 2003ರಲ್ಲಿ ನ್ಯೂಜಿಲೆಂಡಿನವರು ಕರುಗಳಿಗೆ ಮೊದಲು ಕ್ಷಯದ ಮೂರು ಪ್ರೋಟೀನುಗಳ ಡಿಎನ್‌ಎ, ನಂತರ ಕ್ಷಯದ ಹಳೆಯ ಲಸಿಕೆಯಾದ ಬಿಸಿಜಿ ಕೊಟ್ಟು, ದನದ ಕ್ಷಯದ ರೋಗಾಣುವನ್ನು ಶ್ವಾಸನಾಳಕ್ಕೆ ಬಿಟ್ಟರು. ಬಿಸಿಜಿ ಮಾತ್ರ ಪಡೆದ ಕರುಗಳಿಗಿಂತ ಎರಡನ್ನೂ ಪಡೆದವು ಮೇಲಾಗಿದ್ದವು. ಆ ಪ್ರಯೋಗದಲ್ಲಿ ಡಿಎನ್‌ಎ ಒಂಟಿಯಾಗಿ ಗೆದ್ದಿಲ್ಲ, ಜತೆಗಾರನಾಗಿ ಗೆದ್ದಿದೆ. ನನಗೆ ಅಷ್ಟು ಸಾಕು. ಒಂದೇ ಚುಚ್ಚಿನಲ್ಲಿ ಎಲ್ಲ ಮಾಡಬೇಕು ಎಂಬ ಹಟ ಇಟ್ಟುಕೊಂಡವರಿಗೆ ಸಾಲದಿರಬಹುದು.

ಎರಡನೆಯ ಆಕ್ಷೇಪ ಮೊದಲಿನದರ ತಮ್ಮ: "ಇಲಿಯಲ್ಲಿ ಆಗುವುದು ಹಸುವಿನಲ್ಲಿ ಆಗುವುದಿಲ್ಲ." ಇದು ಬರೀ ಗಾತ್ರದ ಮಾತಲ್ಲ ಎಂಬುದು ಗೊತ್ತಿದ್ದವರು ಇನ್ನಷ್ಟು ಚುರುಕಾಗಿ ಕೇಳುತ್ತಾರೆ. ಇಪ್ಪತ್ತೈದು ಗ್ರಾಮಿನ ಇಲಿಯ ತೊಡೆಗೆ ಐವತ್ತು ಮೈಕ್ರೊಲೀಟರ್ ದ್ರವ ಚುಚ್ಚಿದರೆ ಮಾಂಸಖಂಡ ಒಳಗಿಂದಲೇ ಉಬ್ಬುತ್ತದೆ. ಆ ಒತ್ತಡಕ್ಕೆ ಪ್ಲಾಸ್ಮಿಡ್ ಜೀವಕೋಶದೊಳಕ್ಕೆ ನುಗ್ಗುತ್ತದೆ. ನಾನೂರು ಕಿಲೋದ ಹಸುವಿನ ಕುತ್ತಿಗೆಗೆ ಒಂದೆರಡು ಮಿಲಿಲೀಟರ್ ಚುಚ್ಚಿದರೆ ಅದು ಎಲ್ಲೋ ಹರಡಿ, ಬಹುಪಾಲು ಕಿಣ್ವಗಳಿಗೆ ಆಹಾರವಾಗುತ್ತದೆ. ಇನ್ನೊಂದು ವಿಷಯವೂ ಇದೆ. ಬ್ಯಾಕ್ಟೀರಿಯಾದಲ್ಲಿ ಬೆಳೆದ ಡಿಎನ್‌ಎಯನ್ನು ಪ್ರಾಣಿಯ ದೇಹ ಪರಕೀಯ ಎಂದು ಗುರುತಿಸುವುದು ಟಿಎಲ್‌ಆರ್-9 ಎಂಬ ಗ್ರಾಹಕದಿಂದ, ಇದನ್ನು 2000ದಲ್ಲಿ ಜಪಾನಿನ ಶಿಜುವೊ ಅಕಿರಾ ಅವರ ತಂಡ ತೋರಿಸಿತು. ಆದರೆ ಇಲಿಯ ಗ್ರಾಹಕವನ್ನು ಕೆರಳಿಸುವ ಡಿಎನ್‌ಎ ಅಕ್ಷರಗಳ ಸಾಲು ಒಂದು, ದನಕುರಿಗಳಿಗೆ ಒಗ್ಗುವ ಸಾಲು ಇನ್ನೊಂದು. ಇಲಿಗೆಂದು ಹೊಂದಿಸಿದ ಪ್ಲಾಸ್ಮಿಡ್ಡನ್ನು ಹಾಗೆಯೇ ತಂದು ಹಸುವಿಗೆ ಚುಚ್ಚಿ "ಆಗಲಿಲ್ಲ" ಎಂದರೆ ತಪ್ಪು ಹಸುವಿನದೂ ಅಲ್ಲ, ಡಿಎನ್‌ಎಯದೂ ಅಲ್ಲ.

ಇವೆರಡೂ ಎಂಜಿನಿಯರಿಂಗ್ ತೊಡಕುಗಳು. ಸೂಜಿಯ ಬದಲು ತೆಳ್ಳನೆಯ ದ್ರವಧಾರೆಯನ್ನು ಒತ್ತಡದಿಂದ ಚರ್ಮಕ್ಕೆ ನುಗ್ಗಿಸುವ ಸೂಜಿರಹಿತ ಉಪಕರಣ, ಚುಚ್ಚಿದ ಜಾಗಕ್ಕೆ ಕ್ಷಣಕಾಲ ವಿದ್ಯುತ್ ಮಿಡಿತ ಕೊಡುವ ವಿಧಾನ, ಇವೆರಡರಿಂದಲೂ ಜೀವಕೋಶ ಸೇರುವ ಡಿಎನ್‌ಎಯ ಪ್ರಮಾಣ ಏರುತ್ತದೆ. ವಿದ್ಯುತ್ ಮಿಡಿತದ ವಿಧಾನದಲ್ಲಿ ಗಬ್ಬದ ಹಂದಿಗಳಿಗೆ ಕೊಡುವ ಹಾರ್ಮೋನ್ ಪ್ಲಾಸ್ಮಿಡ್ಡಿಗೆ ಆಸ್ಟ್ರೇಲಿಯಾ 2008ರಲ್ಲೇ ಪರವಾನಗಿ ಕೊಟ್ಟಿದೆ. ಅದು ಲಸಿಕೆಯಲ್ಲ, ನಿಜ. ಆದರೆ ಹಂದಿಯಷ್ಟು ದೊಡ್ಡ ಪ್ರಾಣಿಯ ಮಾಂಸಖಂಡ ಪ್ಲಾಸ್ಮಿಡ್ಡನ್ನು ಓದಿ ಕೆಲಸಕ್ಕೆ ಬರುವಷ್ಟು ಪ್ರೋಟೀನ್ ಮಾಡುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಅಲ್ಲಿದೆ. ಝೈಕೋವ್-ಡಿ ಎರಡು ಮಿಲಿಗ್ರಾಂ ಡಿಎನ್‌ಎಯನ್ನು ಸೂಜಿಯಿಲ್ಲದೆ ಚರ್ಮಕ್ಕೆ ನುಗ್ಗಿಸಿ, ಕೋವಿಡ್ ಲಕ್ಷಣಗಳ ವಿರುದ್ಧ ಮಧ್ಯಂತರ ವರದಿಯಲ್ಲಿ ಶೇ 66.6ರಷ್ಟು ರಕ್ಷಣೆ ತೋರಿಸಿತು. ಮನುಷ್ಯ ಎಪ್ಪತ್ತು ಕಿಲೋದ ಪ್ರಾಣಿ, ಇಪ್ಪತ್ತೈದು ಗ್ರಾಮಿನದಲ್ಲ. ಬ್ರುಸೆಲ್ಲದ ವಿಷಯಕ್ಕೇ ಬಂದರೆ, ಅಮೆರಿಕದ ಬೈಸನ್‌ಗಳಿಗೆ ಡಿಎನ್‌ಎ ಲಸಿಕೆ ಹಾಕಿದ ಕೆಲಸ 2011ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಪ್ರತಿಕಾಯಗಳೂ ರೋಗನಿರೋಧಕ ಕೋಶಗಳು ಹೊಮ್ಮಿಸುವ ಗಾಮಾ ಇಂಟರ್‌ಫೆರಾನ್ ಕೂಡ ಏರಿದ್ದವು. ಬೈಸನ್ ಹಸುವಿಗಿಂತ ಚಿಕ್ಕದೇನಲ್ಲ.

"ವೈರಸ್ಸಿಗೂ ಬ್ಯಾಕ್ಟೀರಿಯಾಕ್ಕೂ ವ್ಯತ್ಯಾಸ ಇಲ್ಲವೇ?" ಎಂದು ಕೇಳುವವರ ಬಗ್ಗೆ ನನಗೆ ಗೌರವವಿದೆ. ಆಕ್ಷೇಪಗಳಲ್ಲೆಲ್ಲ ಜೀವವಿಜ್ಞಾನ ಗಟ್ಟಿಯಾಗಿರುವುದು ಇಲ್ಲಿ. ಸಾಲ್ಮನ್ನಿನ ಐಎಚ್‌ಎನ್ ವೈರಸ್ಸಿಗೆ ಮೈಮೇಲೆ ಇರುವುದು ಒಂದೇ ಮುಖ್ಯ ಪ್ರೋಟೀನು, ಅದರ ಜೀನ್ ಹಾಕಿದರೆ ಲಸಿಕೆ ಸಿದ್ಧ. ಬ್ರುಸೆಲ್ಲಕ್ಕೆ ಮೂರು ಸಾವಿರಕ್ಕೂ ಹೆಚ್ಚು ಜೀನ್‌ಗಳು. ಯಾವುದನ್ನು ಆರಿಸುವುದು? ಎರಡನೆಯದಾಗಿ, ವೈರಸ್ಸಿನ ಪ್ರೋಟೀನು ಹೇಗೂ ಪ್ರಾಣಿಯ ಜೀವಕೋಶದಲ್ಲೇ ತಯಾರಾಗುವಂಥದು. ಬ್ಯಾಕ್ಟೀರಿಯಾದ್ದು ಹಾಗಲ್ಲ. ಹಸುವಿನ ಕೋಶ ಅದನ್ನು ತಯಾರಿಸುವಾಗ ಇಲ್ಲದ ಜಾಗಕ್ಕೆ ಸಕ್ಕರೆ ಅಂಟಿಸಬಹುದು, ಅಂಟಬೇಕಾದ ಕೊಬ್ಬನ್ನು ಬಿಟ್ಟುಬಿಡಬಹುದು. ಪ್ರೋಟೀನಿನ ಆಕಾರವೇ ಬದಲಾದರೆ ಅದರ ವಿರುದ್ಧ ಹುಟ್ಟುವ ಪ್ರತಿಕಾಯ ನಿಜವಾದ ರೋಗಾಣುವನ್ನು ಗುರುತಿಸುವುದಿಲ್ಲ. ಮೂರನೆಯದು ಇನ್ನೂ ಗಟ್ಟಿ: ಹಲವು ಬ್ಯಾಕ್ಟೀರಿಯಾಗಳ ವಿರುದ್ಧ ರಕ್ಷಣೆ ಬರುವುದು ಅವುಗಳ ಮೇಲಿನ ಸಕ್ಕರೆಯ ಹೊದಿಕೆಯ ವಿರುದ್ಧ. ಸಕ್ಕರೆಗೆ ಜೀನ್ ಇರುವುದಿಲ್ಲ, ಡಿಎನ್‌ಎ ಲಸಿಕೆಗೆ ಅದನ್ನು ಬರೆಯಲು ಬರುವುದಿಲ್ಲ.

ಕೊನೆಯದಕ್ಕೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಉತ್ತರವನ್ನು ಬ್ರುಸೆಲ್ಲವೇ ಕೊಟ್ಟಿದೆ. ಆರ್‌ಬಿ-51 ಎಂಬ ಲಸಿಕೆ ತಳಿಗೆ 1996ರಲ್ಲಿ ಅಮೆರಿಕ ಪರವಾನಗಿ ಕೊಟ್ಟಿತು. ಆ ತಳಿಯ ಮೈಮೇಲೆ ಓ-ಸರಪಳಿ ಎಂಬ ಸಕ್ಕರೆಯ ಹೊದಿಕೆ ಇಲ್ಲವೆಂದರೇ ಸರಿ. ಆದರೂ ಅದು ಹಸುವನ್ನು ಕಾಪಾಡುತ್ತದೆ. ಅಂದರೆ ಈ ರೋಗದಲ್ಲಿ ಹೋರಾಡುವುದು ಸಕ್ಕರೆಯ ವಿರುದ್ಧದ ಪ್ರತಿಕಾಯವಲ್ಲ, ಬಹುಪಾಲು ಟಿ-ಕೋಶಗಳೆಂಬ ರೋಗನಿರೋಧಕ ಕೋಶಗಳು. ಬ್ರುಸೆಲ್ಲ ಅಡಗಿ ಕೂತಿರುವ ಕೋಶವನ್ನು ಕೆರಳಿಸಿ, ಕೊಂದು, ಬಯಲಿಗೆಳೆಯುವವು ಅವು. ಟಿ-ಕೋಶಗಳು ನೋಡುವುದು ಪ್ರೋಟೀನಿನ ಆಕಾರವನ್ನಲ್ಲ, ಕತ್ತರಿಸಿದ ತುಣುಕುಗಳನ್ನು. ಹಾಗಾಗಿ ಸಕ್ಕರೆ ಎಲ್ಲಿ ಅಂಟಿತು, ಮಡಿಕೆ ಹೇಗೆ ಬಿತ್ತು ಎಂಬ ಎರಡನೆಯ ತಕರಾರೂ ಇಲ್ಲಿ ತನ್ನ ಬಲ ಕಳೆದುಕೊಳ್ಳುತ್ತದೆ. ಜೀವಕೋಶದ ಒಳಗೇ ಪ್ರೋಟೀನ್ ತಯಾರಾಗಿ ಅದರ ತುಣುಕುಗಳು ಕೋಶದ ಮೇಲ್ಮೈಗೆ ಬರುವುದು ಡಿಎನ್‌ಎ ಲಸಿಕೆಯ ಸಹಜ ಗುಣ. ಸತ್ತ ಬ್ಯಾಕ್ಟೀರಿಯಾದ ಲಸಿಕೆಗೆ ಅದು ಸುಲಭವಾಗಿ ಸಿದ್ಧಿಸುವುದಿಲ್ಲ, ಅದಕ್ಕೇ ಬ್ರುಸೆಲ್ಲಕ್ಕೆ ಇವತ್ತಿಗೂ ಜೀವಂತ ಲಸಿಕೆಯನ್ನೇ ಹಾಕಬೇಕಾಗಿದೆ. ಮೂರು ಸಾವಿರದಲ್ಲಿ ಯಾವ ಜೀನ್ ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ. ಅದಕ್ಕೆ 1995ರಲ್ಲೇ ವಿಜ್ಞಾನಿ ಸ್ಟೀಫನ್ ಜಾನ್‌ಸ್ಟನ್ ಅವರ ತಂಡ ಒಂದು ದಾರಿ ತೋರಿಸಿತ್ತು: ಇಲಿಯ ಮೈಕೊಪ್ಲಾಸ್ಮಾ ಬ್ಯಾಕ್ಟೀರಿಯಾದ ಇಡೀ ಜೀನ್‌ಭಂಡಾರವನ್ನು ತುಂಡುತುಂಡಾಗಿ ಪ್ಲಾಸ್ಮಿಡ್‌ಗಳಿಗೆ ಸೇರಿಸಿ ಚುಚ್ಚಿ, ಇಲಿಗೆ ರಕ್ಷಣೆ ಬಂತೆಂದು ತೋರಿಸಿದರು. ಯಾವ ಕಟ್ಟಿನಿಂದ ರಕ್ಷಣೆ ಬಂತೋ ಅದನ್ನು ಮತ್ತೆ ಒಡೆಯುತ್ತ ಹೋದರೆ ಬೇಕಾದ ಜೀನ್ ಸಿಗಬೇಕು. ಹೇಳಿದಷ್ಟು ಸಲೀಸಲ್ಲ. ಒಂದೇ ಜೀನ್ ಹಾಕಿದ ಬ್ರುಸೆಲ್ಲ ಡಿಎನ್‌ಎ ಲಸಿಕೆ ಇಲಿಗಳಲ್ಲಿ ಜೀವಂತ ಲಸಿಕೆಯ ಸಮಕ್ಕೆ ನಿಂತದ್ದು ಅಪರೂಪ. ಎರಡು ಮೂರು ಜೀನ್‌ಗಳ ಜೋಡಣೆ ಮಾತ್ರ ಹತ್ತಿರ ಬರುತ್ತಿದೆ.

"ಇರುವ ಲಸಿಕೆಯನ್ನೇ ನೆಟ್ಟಗೆ ಹಾಕಿ, ಸಾಕು" ಎನ್ನುವವರಿಗೆ ನಾನು ಸ್ವಲ್ಪ ವಿವರವಾಗಿಯೇ ಉತ್ತರಿಸಬೇಕು. ಪಶುಪಾಲನಾ ಇಲಾಖೆಯ ಸಭೆಗಳಲ್ಲಿ ಹೆಚ್ಚು ತಲೆ ಅಲ್ಲಾಡುವುದು ಈ ಮಾತಿಗೇ.

ಇರುವ ಲಸಿಕೆ ಎಂದರೆ ಎಸ್-19. 1923ರಲ್ಲಿ ಅಮೆರಿಕದ ಜಾನ್ ಬಕ್ ಒಂದು ಜೆರ್ಸಿ ಹಸುವಿನ ಹಾಲಿನಿಂದ ಬೇರ್ಪಡಿಸಿದ ತಳಿ ಅದು. ಪ್ರಯೋಗಾಲಯದಲ್ಲಿ ಸುಮಾರು ಒಂದು ವರ್ಷ ಕೋಣೆಯ ಉಷ್ಣಾಂಶದಲ್ಲೇ ಉಳಿದು ತನ್ನ ತೀಕ್ಷ್ಣತೆ ಕಳೆದುಕೊಂಡಿತು. ನೂರು ವರ್ಷ ದಾಟಿದರೂ ಹಲವು ದೇಶಗಳು ಅದನ್ನೇ ನೆಚ್ಚಿಕೊಂಡಿವೆ ಎಂಬುದು ಅದರ ಹೆಗ್ಗಳಿಕೆ. ನೂರಕ್ಕೆ 65ರಿಂದ 75 ಹಸುಗಳನ್ನು ಕಾಪಾಡುತ್ತದೆ ಎಂಬುದು ಸಾಮಾನ್ಯ ಲೆಕ್ಕ. 2019ರ ಸೆಪ್ಟೆಂಬರಿನಲ್ಲಿ ಮಥುರಾದಲ್ಲಿ ಶುರುವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮ, ಕಾಲುಬಾಯಿ ಜ್ವರ ಮತ್ತು ಬ್ರುಸೆಲ್ಲೋಸಿಸ್ ಎರಡಕ್ಕೂ ಸೇರಿ ₹13,343 ಕೋಟಿಯದು. ನಾಲ್ಕರಿಂದ ಎಂಟು ತಿಂಗಳ ಹೆಣ್ಣುಗರುಗಳಿಗೆಲ್ಲ ಒಂದು ಸಲ ಲಸಿಕೆ ಹಾಕಬೇಕು ಎಂಬುದು ಅದರ ಗುರಿ. ಒಳ್ಳೆಯ ಕಾರ್ಯಕ್ರಮ, ನನ್ನ ತಕರಾರಿಲ್ಲ.

ಆ "ನಾಲ್ಕರಿಂದ ಎಂಟು ತಿಂಗಳ ಹೆಣ್ಣುಗರು" ಎಂಬ ಷರತ್ತು ಬಂದದ್ದು ಎಲ್ಲಿಂದ ಎಂದು ಕೇಳಿ. ಗಬ್ಬದ ಹಸುವಿಗೆ ಮಾಮೂಲಿ ಪ್ರಮಾಣದಲ್ಲಿ ಹಾಕಿದರೆ ಲಸಿಕೆಯೇ ಕಂದು ಹಾಕಿಸಬಹುದು. ಗಂಡುಗರುವಿಗೆ ಹಾಕಿದರೆ ಬೀಜದ ಊತ ಬರಬಹುದು. ದೊಡ್ಡದಾದ ಮೇಲೆ ಹಾಕಿದರೆ ಪ್ರತಿಕಾಯಗಳು ಉಳಿದುಕೊಂಡು, ರೋಸ್ ಬೆಂಗಾಲ್ ಎಂಬ ರಕ್ತಪರೀಕ್ಷೆಯಲ್ಲಿ ರೋಗದ ಹಸು ಯಾವುದು, ಲಸಿಕೆಯ ಹಸು ಯಾವುದು ಎಂದು ತಿಳಿಯುವುದಿಲ್ಲ. ತಟ್ಟೆಯ ಮೇಲೆ ಎರಡರ ರಕ್ತವೂ ಒಂದೇ ರೀತಿ ಗಂಟುಗಂಟಾಗುತ್ತದೆ. ಹಳ್ಳಿಯಲ್ಲಿ ಕರು ಹುಟ್ಟಿದ ದಿನ ಬರೆದಿಟ್ಟುಕೊಂಡು, ಐದನೇ ತಿಂಗಳಿಗೆ ಸರಿಯಾಗಿ ಲಸಿಕೆದಾರರು ಬಂದು, ಅಷ್ಟರಲ್ಲಿ ಆ ಕರು ಸಂತೆಯಲ್ಲಿ ಮಾರಾಟವಾಗದೇ ಉಳಿದಿದ್ದರೆ ಮಾತ್ರ ಇದೆಲ್ಲ ನಡೆಯುತ್ತದೆ. ನಾಲ್ಕು ತಿಂಗಳ ಕಿಟಕಿ ತಪ್ಪಿದರೆ ಆ ಪ್ರಾಣಿ ಜೀವನವಿಡೀ ಲಸಿಕೆಯ ಹೊರಗೆ.

ಹಾಕುವವರ ಕೈಯನ್ನೂ ನೋಡಿ. ಸೀಸೆಯೊಳಗಿನ ಒಣಪುಡಿಗೆ ದ್ರವ ಬೆರೆಸಿ, ರಬ್ಬರ್ ಮುಚ್ಚಳದಿಂದ ಸೂಜಿ ಹೊರಗೆಳೆಯುವಾಗ ಒಳಗಿನ ಒತ್ತಡಕ್ಕೆ ಒಂದು ಹನಿ ಚಿಮ್ಮುತ್ತದೆ. ಕರು ಕಾಲು ಝಾಡಿಸುತ್ತದೆ, ಸೂಜಿ ಹೆಬ್ಬೆರಳಿಗೆ ತಾಗುತ್ತದೆ. ಒಳಗಿರುವುದು ಜೀವಂತ ಬ್ರುಸೆಲ್ಲ, ಮನುಷ್ಯರಿಗೆ ರೋಗ ತರಬಲ್ಲದ್ದು. ಕೈಗವಸು, ಕನ್ನಡಕ ಕಡ್ಡಾಯ ಎಂದು ಕೈಪಿಡಿ ಹೇಳುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಕೊಟ್ಟಿಗೆಯಿಂದ ಕೊಟ್ಟಿಗೆಗೆ ಹೋಗುವ ಲಸಿಕೆದಾರರ ಕನ್ನಡಕ ಎಷ್ಟು ಹೊತ್ತು ಮೂಗಿನ ಮೇಲೆ ಇರುತ್ತದೆ ಎಂದು ಕೈಪಿಡಿ ಬರೆದವರಿಗೆ ಗೊತ್ತಿಲ್ಲ. ತಯಾರಿಕೆಯಲ್ಲೂ ಇದೇ ಕಥೆ. ಚೀನಾದ ಲಾನ್‌ಜೌ ನಗರದಲ್ಲಿ 2019ರ ಜುಲೈ–ಆಗಸ್ಟ್‌ನಲ್ಲಿ ಬ್ರುಸೆಲ್ಲ ಲಸಿಕೆಯ ಕಾರ್ಖಾನೆಯೊಂದು ಅವಧಿ ಮೀರಿದ ಸೋಂಕುನಿವಾರಕ ಬಳಸಿದ್ದರಿಂದ ಹೊಗೆಕೊಳವೆಯ ಗಾಳಿಯಲ್ಲಿ ರೋಗಾಣು ಹೊರಬಿತ್ತು. ಸುತ್ತಮುತ್ತಲಿನ ಹತ್ತು ಸಾವಿರಕ್ಕೂ ಹೆಚ್ಚು ಜನರ ರಕ್ತಪರೀಕ್ಷೆ ಪಾಸಿಟಿವ್ ಬಂತು. ಇನ್ನೊಂದು ಜೀವಂತ ಲಸಿಕೆಯಾದ ಆರ್‌ಬಿ-51ರ ಕಥೆ ಬೇರೆ: 2017ರಲ್ಲಿ ಟೆಕ್ಸಸ್‌ನಲ್ಲಿ ಹಸಿ ಹಾಲು ಕುಡಿದವರೊಬ್ಬರಿಗೆ ಲಸಿಕೆಯ ತಳಿಯೇ ಅಂಟಿಕೊಂಡಿತು, ಅದೂ ಬ್ರುಸೆಲ್ಲೋಸಿಸ್‌ಗೆ ಕೊಡುವ ರಿಫಾಂಪಿಸಿನ್‌ಗೆ ಬಗ್ಗದ ತಳಿ. ಒಂದೇ ಒಂದು ಪ್ರೋಟೀನಿನ ಜೀನ್ ಇರುವ ಪ್ಲಾಸ್ಮಿಡ್ ಹೆಬ್ಬೆರಳಿಗೆ ತಾಗಿದರೆ ಏನಾಗುತ್ತದೆ? ನೋಯುತ್ತದೆ, ಅಷ್ಟೇ.

"ಅಮೆರಿಕ ಎಸ್-19ರಿಂದಲೇ ರೋಗವನ್ನು ಓಡಿಸಲಿಲ್ಲವೇ?" ಎಂದು ಇಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಅಮೆರಿಕ 1934ರಲ್ಲಿ ಶುರುಮಾಡಿ ದಶಕಗಟ್ಟಲೆ ಮಾಡಿದ್ದು ಲಸಿಕೆಯ ಜತೆಗೆ ಪರೀಕ್ಷೆ ಮತ್ತು ವಧೆ: ರಕ್ತ ಪಾಸಿಟಿವ್ ಬಂದ ಹಸು ಕಸಾಯಿಖಾನೆಗೆ, ಮಾಲೀಕನಿಗೆ ಪರಿಹಾರ. ನಮ್ಮಲ್ಲಿ ಕಾನೂನು, ನಂಬಿಕೆ, ಪರಿಹಾರದ ಹಣ ಮೂರೂ ಆ ದಾರಿಗೆ ಅಡ್ಡ. ಪಾಸಿಟಿವ್ ಬಂದ ಹಸು ಕೊಟ್ಟಿಗೆಯಲ್ಲೇ ಉಳಿಯುತ್ತದೆ, ಇಲ್ಲವೇ ಮುಂದಿನ ಸಂತೆಯಲ್ಲಿ ಏನೂ ಗೊತ್ತಿಲ್ಲದವನ ಕೈ ಸೇರುತ್ತದೆ. ರೋಗದ ಹಸುವನ್ನು ತೆಗೆಯಲಾಗದ ದೇಶದಲ್ಲಿ ಅದರ ಪಕ್ಕದಲ್ಲಿ ನಿಂತ ಹಸುವನ್ನು, ಗಬ್ಬದ್ದಾಗಿರಲಿ, ದೊಡ್ಡದಾಗಿರಲಿ, ಯಾವಾಗ ಬೇಕಾದರೂ ಲಸಿಕೆಯಿಂದ ಕಾಪಾಡುವಂತಿರಬೇಕು. ಮತ್ತು ಹಾಗೆ ಕಾಪಾಡಿದ್ದು ರೋಗದ ಹಸುವನ್ನು ರಕ್ತದಲ್ಲಿ ಗುರುತಿಸುವುದಕ್ಕೆ ಅಡ್ಡಬರಬಾರದು. ಡಿಎನ್‌ಎ ಲಸಿಕೆಯಲ್ಲಿ ಓ-ಸರಪಳಿ ಇಲ್ಲವಾದ್ದರಿಂದ ರೋಸ್ ಬೆಂಗಾಲ್ ಪರೀಕ್ಷೆ ಲಸಿಕೆಯ ಹಸುವನ್ನು ತಪ್ಪಾಗಿ ಹಿಡಿಯುವುದಿಲ್ಲ.

ಇಲ್ಲಿ ನನಗೆ ನಿಜಕ್ಕೂ ಎದುರಾಳಿಯಾಗಿ ನಿಲ್ಲುವುದು ಎಸ್-19 ಅಲ್ಲ, ಇಜ್ಜತ್‌ನಗರದ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯ (ಐವಿಆರ್‌ಐ) ವಿಜ್ಞಾನಿಗಳು ಎಸ್-19ರಿಂದ 'ಪರ್' ಎಂಬ ಜೀನ್ ತೆಗೆದು ಮಾಡಿದ ಹೊಸ ತಳಿ. ಓ-ಸರಪಳಿಯ ತಯಾರಿಕೆಗೆ ಕೈಜೋಡಿಸುವ ಜೀನ್ ಅದು, ಹಾಗಾಗಿ ರೋಗ ಮತ್ತು ಲಸಿಕೆಯ ವ್ಯತ್ಯಾಸ ಗುರುತಿಸಲು ಅನುಕೂಲ. ಹೆಮ್ಮೆಪಡಬೇಕಾದ ಕೆಲಸ. ಹಾಗಾದರೆ ಡಿಎನ್‌ಎ ಯಾಕೆ ಬೇಕು? ಅದೂ ಜೀವಂತ ಬ್ರುಸೆಲ್ಲವೇ ಎಂಬ ಒಂದೇ ಕಾರಣಕ್ಕೆ. ಆ ಲಸಿಕೆ ಹಳ್ಳಿಗಳಿಗೆ ಬರಲಿ, ಡಿಎನ್‌ಎಯನ್ನು ಅದರ ಜತೆಗೋ ಅದರ ಎದುರಿಗೋ ಇಟ್ಟು ಅಳೆಯಲಿ. ನ್ಯೂಜಿಲೆಂಡಿನವರು ಬಿಸಿಜಿಯ ಜತೆ ಮಾಡಿದ್ದು ಅದನ್ನೇ.

ಇನ್ನು ಭಯದ ಆಕ್ಷೇಪ. "ಹಸುವಿನ ಜೀನ್ ಬದಲಾಗುತ್ತದೆ, ಹಾಲಿನಲ್ಲಿ ಬರುತ್ತದೆ." ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎಂದಂತೆ, ಈ ಸುದ್ದಿ ಒಂದು ಸಲ ಹುಟ್ಟಿದ ಮೇಲೆ ಯಾರೂ ಪರೀಕ್ಷಿಸುವುದಿಲ್ಲ. ಪ್ಲಾಸ್ಮಿಡ್ಡಿಗೆ ಪ್ರಾಣಿಯ ಕ್ರೋಮೋಸೋಮಿನೊಳಗೆ ಸೇರಿಕೊಳ್ಳುವ ಯಂತ್ರಾಂಗವಿಲ್ಲ. ಆಕಸ್ಮಿಕವಾಗಿ ಸೇರಬಹುದೇ ಎಂದು ಹುಡುಕಿದವರಿದ್ದಾರೆ: 2004ರಲ್ಲಿ ವಿದ್ಯುತ್ ಮಿಡಿತ ಕೊಟ್ಟ ಇಲಿಗಳ ಮಾಂಸಖಂಡದಲ್ಲಿ ಬೆರಳೆಣಿಕೆಯಷ್ಟು ಸೇರ್ಪಡೆಗಳು ಸಿಕ್ಕವು. ಜೀವಕೋಶಗಳಲ್ಲಿ ತಮ್ಮಷ್ಟಕ್ಕೆ ಆಗುವ ಸಹಜ ರೂಪಾಂತರಗಳ ದರಕ್ಕಿಂತ ಅದು ಕಡಿಮೆ. ಆಗಿದ್ದರೂ ಅದು ಮಾಂಸಖಂಡದಲ್ಲಿ, ಅಂಡಾಣುವಿನಲ್ಲಲ್ಲ. ಕ್ಲೈನಾವ್ ಹಾಕಿದ ಸಾಲ್ಮನ್ನನ್ನು ಕುಲಾಂತರಿ ಎಂದು ಪರಿಗಣಿಸಬೇಕಿಲ್ಲ ಎಂದು ನಾರ್ವೆ ತೀರ್ಮಾನಿಸಿತು, ಸಾಲ್ಮನ್ ಸಾಕಣೆ ದೊಡ್ಡ ಉದ್ಯಮವಾಗಿರುವ ದೇಶ ಅದು. ಹಾಲಿನ ಮಾತಿಗೆ ಬಂದರೆ, ಪ್ರತಿ ಲೋಟದಲ್ಲೂ ಹಸುವಿನ ಕೋಶಗಳ ಡಿಎನ್‌ಎ ಇದ್ದೇ ಇದೆ. ಹೆಪ್ಪು ಹಾಕಿದರೆ ಬ್ಯಾಕ್ಟೀರಿಯಾದ್ದೂ ಸೇರುತ್ತದೆ. ಮೊಸರನ್ನ ತಿಂದು ಯಾರೂ ಲ್ಯಾಕ್ಟೊಬ್ಯಾಸಿಲಸ್ ಆಗಿಲ್ಲ.

ಪ್ಲಾಸ್ಮಿಡ್ಡಿನಲ್ಲಿರುವ ಕ್ಯಾನಮೈಸಿನ್ ನಿರೋಧಕ ಜೀನಿನ ಬಗ್ಗೆ ಕೇಳುವವರ ಪ್ರಶ್ನೆ ಇದಕ್ಕಿಂತ ಪ್ರೌಢ. ತಯಾರಿಕೆಯ ಅನುಕೂಲಕ್ಕೆ ಇಟ್ಟ ಜೀನ್ ಅದು. ಪ್ರಾಣಿಯ ಕೋಶದಲ್ಲಿ ಅದಕ್ಕೆ ಕೆಲಸವಿಲ್ಲ. ಆದರೂ ಆಂಟಿಬಯೋಟಿಕ್ ನಿರೋಧಕತೆಯಿಂದ ಈಗಾಗಲೇ ನರಳುತ್ತಿರುವ ಕೊಟ್ಟಿಗೆಗಳಿಗೆ ಹೊಸದಾಗಿ ಅಂಥ ಜೀನನ್ನು ಲಕ್ಷಗಟ್ಟಲೆ ಪ್ರಮಾಣದಲ್ಲಿ ತರಬೇಡಿ ಎಂದರೆ ನಾನು ವಾದಿಸುವುದಿಲ್ಲ. ಅದಿಲ್ಲದೆ ಪ್ಲಾಸ್ಮಿಡ್ ಬೆಳೆಸುವ ವಿಧಾನಗಳು ಬಂದಿವೆ, ಪಶುಲಸಿಕೆಗೆ ಅವನ್ನೇ ಕಡ್ಡಾಯ ಮಾಡಲಿ.

ನನಗೆ ಅಚ್ಚರಿಯೆಂದರೆ, ಕೇಳಬೇಕಾದ ಅಪಾಯದ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. 2003ರಲ್ಲಿ ಪ್ರಕಟವಾದ ಇಲಿಯ ಪ್ರಯೋಗವೊಂದರಲ್ಲಿ, ಈಗಾಗಲೇ ಕ್ಷಯ ತಗುಲಿದ್ದ ಇಲಿಗಳಿಗೆ ಚಿಕಿತ್ಸೆಯಾಗಲಿ ಎಂದು ಡಿಎನ್‌ಎ ಲಸಿಕೆ ಕೊಟ್ಟಾಗ ಅವುಗಳ ಶ್ವಾಸಕೋಶದ ಗಂಟುಗಳಲ್ಲಿ ಅಲ್ಲಲ್ಲಿ ಅಂಗಾಂಶ ಸತ್ತಿತ್ತು. ಕೆರಳಿದ ಟಿ-ಕೋಶಗಳು ರೋಗಾಣುವಿನ ಜತೆ ಮನೆಯನ್ನೂ ಸುಟ್ಟವು. ನಮ್ಮ ಹಟ್ಟಿಗಳಲ್ಲಿ ರೋಗ ತಗುಲಿದ ಹಸು, ತಗುಲದ ಹಸು ಒಟ್ಟಿಗೇ ಕಟ್ಟಿರುತ್ತವೆ. ರಕ್ತ ನೋಡದೆ ಎಲ್ಲಕ್ಕೂ ಲಸಿಕೆ ಹಾಕಿದರೆ ರೋಗದ ಹಸುವಿನ ಗರ್ಭಕೋಶದಲ್ಲಿ ಏನಾಗುತ್ತದೆ? ಬ್ರುಸೆಲ್ಲ ಕ್ಷಯದಂತೆಯೇ ವರ್ತಿಸಬೇಕೆಂದೇನಿಲ್ಲ. ಆದರೆ ಹಾಲಿನಲ್ಲಿ ಜೀನ್ ಬರುತ್ತದೆ ಎಂದು ಕೂಗುವ ಗಂಟಲುಗಳು ಈ ಪ್ರಶ್ನೆಯ ಮೇಲೆ ಕೂಗಿದ್ದರೆ ವಿಜ್ಞಾನಕ್ಕೆ ಉಪಕಾರವಾಗುತ್ತಿತ್ತು.

ಬೆಲೆ? ಝೈಕೋವ್-ಡಿಯ ಒಂದು ಡೋಸಿಗೆ ₹265, ಸೂಜಿರಹಿತ ಉಪಕರಣಕ್ಕೆ ₹93 ಎಂದು 2021ರಲ್ಲಿ ಸರ್ಕಾರದ ಜತೆ ಒಪ್ಪಂದವಾಗಿತ್ತು. ಮೂರು ಡೋಸು ಬೇರೆ. ಆ ದರದಲ್ಲಿ ಕರುವಿಗೆ ಲಸಿಕೆ ಹಾಕಲು ಯಾವ ರೈತನೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಆದರೆ ಅದು ಮನುಷ್ಯರಿಗೆಂದು, ಸಾಂಕ್ರಾಮಿಕದ ಅವಸರದಲ್ಲಿ, ಮೊದಲ ಬಾರಿಗೆ ಮಾಡಿದ್ದರ ಬೆಲೆ. ಪ್ಲಾಸ್ಮಿಡ್ ತಯಾರಾಗುವುದು ಇ. ಕೊಲೈ ಹುದುಗಿಸುವ ತೊಟ್ಟಿಯಲ್ಲಿ. ಜೀನ್ ಬದಲಾದರೂ ತೊಟ್ಟಿ ಅದೇ, ವಿಧಾನ ಅದೇ, ಅಪಾಯಕಾರಿ ರೋಗಾಣುವನ್ನು ಬೆಳೆಸುವ ಭದ್ರಕೋಟೆ ಬೇಕಿಲ್ಲ. 25 ಡಿಗ್ರಿಯಲ್ಲಿ ಕನಿಷ್ಠ ಮೂರು ತಿಂಗಳು ಕೆಡದೆ ಇರುತ್ತದೆ ಎಂದು ಝೈಡಸ್ ಹೇಳಿತ್ತು. ಯಾದಗಿರಿಯ ಬೇಸಿಗೆಯಲ್ಲಿ ಐಸ್‌ಪೆಟ್ಟಿಗೆ ಹೊತ್ತವರಿಗೆ ಆ ಮೂರು ತಿಂಗಳ ಬೆಲೆ ಗೊತ್ತು. ಕಡಿಮೆ ಡಿಎನ್‌ಎಯಲ್ಲಿ, ಎರಡೇ ಡೋಸಿನಲ್ಲಿ ಕೆಲಸ ಮುಗಿಯದಿದ್ದರೆ ಮಾತ್ರ ಬೆಲೆಯ ಆಕ್ಷೇಪ ಗೆಲ್ಲುತ್ತದೆ, ಅದನ್ನು ನಾನು ತಳ್ಳಿಹಾಕುವುದಿಲ್ಲ.

"ಹಾಲು ಕಾಯಿಸಿ ಕುಡಿದರಾಯಿತು" ಎನ್ನುವವರಿಗೆ ಉತ್ತರ ಚಿಕ್ಕದು. ನಮ್ಮ ಮನೆಗಳಲ್ಲಿ ಹಾಲನ್ನು ಕಾಯಿಸಿಯೇ ಕುಡಿಯುತ್ತಾರೆ. ರೋಗ ಬರುವುದು ಮಾಸು ಎಳೆದವರಿಗೆ, ಕರು ಹಾಕಿಸಿದವರಿಗೆ, ಪಶುವೈದ್ಯರಿಗೆ. ಕಾಯಿಸಬೇಕಾದ್ದು ಏನನ್ನು?

ಹಾಗಾದರೆ ನನ್ನನ್ನು ಸೋಲಿಸುವುದು ಹೇಗೆ? ಬೆಂಗಳೂರಿನ ಯಲಹಂಕದಲ್ಲಿ ಜಾನುವಾರು ರೋಗಗಳ ಹರಡುವಿಕೆಯ ಲೆಕ್ಕ ಇಡುವ ರಾಷ್ಟ್ರೀಯ ಸಂಸ್ಥೆ ನಿವೇದಿ ಇದೆ, ಯಾವ ಹಟ್ಟಿಯಲ್ಲಿ ಎಷ್ಟು ರೋಗ ಎಂಬುದನ್ನು ಅಳೆಯಬಲ್ಲವರು ಅಲ್ಲಿದ್ದಾರೆ. ದೊಡ್ಡ ಪ್ರಾಣಿಗಳನ್ನು ಭದ್ರವಾಗಿ ಇಟ್ಟು ರೋಗಾಣು ಕೊಡುವ ವ್ಯವಸ್ಥೆ ದೇಶದಲ್ಲಿ ಬೇಕು. ರೋಗವಿಲ್ಲದ ಕಡಸುಗಳನ್ನು ಮೂರು ಗುಂಪು ಮಾಡಿ: ಒಂದಕ್ಕೆ ಎಸ್-19, ಒಂದಕ್ಕೆ ಎರಡು ಮೂರು ಜೀನ್‌ಗಳ ಡಿಎನ್‌ಎ ಲಸಿಕೆ, ಒಂದಕ್ಕೆ ಏನೂ ಇಲ್ಲ. ಗಬ್ಬ ಕಟ್ಟಿಸಿ, ಐದಾರು ತಿಂಗಳಿಗೆ ಬ್ರುಸೆಲ್ಲದ ಪ್ರಮಾಣಿತ ತೀಕ್ಷ್ಣ ತಳಿ 2308 ಅನ್ನು ಕಣ್ಣಿಗೆ ಹನಿಸಿ, ಯಾವುದು ಕಂದು ಹಾಕಿತು, ಯಾವ ಮಾಸಿನಲ್ಲಿ, ಯಾವ ಹಾಲಿನಲ್ಲಿ, ಯಾವ ಗ್ರಂಥಿಯಲ್ಲಿ ರೋಗಾಣು ಬೆಳೆಯಿತು ಎಂದು ನೋಡಿ. ಡಿಎನ್‌ಎ ಗುಂಪು ಎಸ್-19ರ ಸಮೀಪಕ್ಕೂ ಬರದಿದ್ದರೆ ಬ್ರುಸೆಲ್ಲಕ್ಕೆ ಈ ದಾರಿ ಬೇಡ ಎಂದು ಬರೆಯುವವರಲ್ಲಿ ನಾನೂ ಒಬ್ಬನಾಗುತ್ತೇನೆ. ಸಮೀಪ ಬಂದರೆ, ಮುಂದಿನ ಪ್ರಯೋಗ ರೋಗ ತಗುಲಿದ ಹಸುಗಳ ಮೇಲೆ, ಆ 2003ರ ಇಲಿಗಳನ್ನು ನೆನಪಿನಲ್ಲಿಟ್ಟುಕೊಂಡು.